ಹಿಂಡಲಗಾದಿಂದ ಬಂದ ಡ್ರೈವರ್

“ಮೇಡಮ್ಮಾರ, ಮೊದ್ಲ ಹೇಳಿಬಿಡ್ತೇನಿ. ನಾ ಹಿಂಡಲಗಾ ಜೈಲಿನ್ಯಾಗ ಮೂರು ವರ್ಷ ಇದ್ದು ಬಂದೇನಿ.”

ಫೇಬಿಯ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು!

ಗೋಕುಲ ರಸ್ತೆಯ ಆ ಟ್ರಾನ್ಸ್‌ಪೋರ್ಟ್ ಆಫೀಸು ಅವಳ ತಂದೆ ಸುಕುಮಾರ ಅವರದು. ಇರುವುದು ಆರು ಲಾರಿ. ಡ್ರೈವರ್ ಕೆಲಸ ಕೇಳಿ ಬರುವವರನ್ನು ಫೇಬಿ ನಾಲ್ಕು ವರ್ಷದಿಂದ ನೋಡುತ್ತಿದ್ದಳು. ಬೆಳಗ್ಗೆಯೇ ಎಣ್ಣೆ ಏರಿಸಿಕೊಂಡು ಬಂದವನೂ ‘ಅಕ್ಕಾರ, ನಾ ವಾಸನಿ ಸೈತ ನೋಡಿಲ್ರಿ’ ಎನ್ನುತ್ತಿದ್ದ. ಆದರೆ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡು ಒಳಗೆ ಬಂದವನನ್ನು ಅವಳು ಕಂಡದ್ದು ಅಂದೇ.

“ಏ... ಏನು ಮಾಡಿದ್ರಿ?”

“ಲೋಡಿಂಗ್ ಪಾಳಿ ಸಲುವಾಗಿ ಜಗಳಾತ್ರಿ. ಸಿಟ್ಟಿನ್ಯಾಗ ಜಾಕ್ ರಾಡ್ ಬೀಸಿದೆ. ಒಬ್ಬಾವ್ನ ಕಣ್ಣು ಹೋತು.” ಅವನ ದನಿ ತಗ್ಗಿತು. “ಅವನೂ ಡ್ರೈವರ್ರ ಇದ್ದ. ಇನ್ನ ಅಂವಾ ಗಾಡಿ ಹೊಡ್ಯಾಂಗಿಲ್ಲ.”

ಎದುರಿಗೆ ಕುಳಿತಿದ್ದವನ ಎರಡು ಕೈಗಳ ಕಡೆಗೇ ಫೇಬಿಯ ಕಣ್ಣು ಹೋಯಿತು. ಈ ಕೈಗಳೇ...?

“ಇದನ್ನ ಎಲ್ಲಾ ಕಡೆನೂ ಹೇಳ್ತೀರೇನು?”

“ಒಂಬತ್ತು ಆಫೀಸಿನ್ಯಾಗ ಹೇಳೇನ್ರಿ. ಹತ್ತನೇದು ನಿಮ್ಮದು.”

ಅವನ ಹೆಸರು ಬಸವಕಿರಣ. ಊರು ಗರಗ. ಲೈಸೆನ್ಸ್ ಚೊಕ್ಕವಾಗಿತ್ತು. ಅರ್ಜಿಯಲ್ಲಿ ಎಲ್ಲವನ್ನೂ ಬರೆದುಕೊಂಡ ಫೇಬಿ ಕೊನೆಯ ಸಾಲಿಗೆ ಬಂದಳು. ‘ಪೊಲೀಸ್ ಕೇಸ್ ಇದೆಯೇ?’

ಅವಳು ‘ಇಲ್ಲ’ ಎಂದು ಬರೆದಳು!

ನೀವು ಬೈಯುವ ಮೊದಲು ಒಂದು ಮಾತು. ಫೇಬಿ ಮಿಶನ್ ಚರ್ಚಿನ ಬೆಂಚಿನ ಮೇಲೆ ಬೆಳೆದ ಹುಡುಗಿ. ಭಾನುವಾರ ಆರಾಧನೆಯ ನಡುವೆ ಯಾರಾದರೂ ಎದ್ದು ‘ನಾನು ಕುಡುಕನಾಗಿದ್ದೆ, ಕಳ್ಳನಾಗಿದ್ದೆ’ ಎಂದು ಸಾಕ್ಷಿ ಹೇಳಿದರೆ, ಸಭೆ ಹಲ್ಲೆಲೂಯ ಎನ್ನುತ್ತಿತ್ತು. ಅವಳ ತಂದೆಯೇ ಎದ್ದು ಹೋಗಿ ಅಂಥವರನ್ನು ಅಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಂಡ ಪಾಪ ಅಳಿಸಿಹೋಯಿತು ಎಂದೇ ಅವಳು ತಿಳಿದಿದ್ದಳು. ಪೊಲೀಸರ ಕಂಪ್ಯೂಟರಿನಲ್ಲಿ ಅದು ಅಳಿಸುವುದಿಲ್ಲ ಎಂಬುದು ಆ ಹುಚ್ಚು ಹುಡುಗಿಗೆ ಹೊಳೆಯಲೇ ಇಲ್ಲ.

ಬಸವಕಿರಣ ಗಾಡಿ ಹತ್ತಿದ.

ಐದು ತಿಂಗಳು... ಒಂದು ಗೀರು ಕೂಡ ಬೀಳಲಿಲ್ಲ. ಊರು ಮುಟ್ಟಿದ ಕೂಡಲೇ ಫೋನ್ ಬರುತ್ತಿತ್ತು. “ಮೇಡಮ್ಮಾರ, ಪುಣೆ ಮುಟ್ಟೇನ್ರಿ. ಉಂಡ್ರಿ?”

ಉಳಿದ ಐವರು ಡ್ರೈವರುಗಳಿಗೆ ಅವಳು ಉಂಡಳೋ ಬಿಟ್ಟಳೋ ಬೇಕಿರಲಿಲ್ಲ. ಆ ಫೋನಿಗೆ ಕಾಯುವುದು ತನಗೆ ಯಾವಾಗ ಅಭ್ಯಾಸವಾಯಿತು ಎಂದು ಫೇಬಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಗರಗದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲೋಡು ಸಿಕ್ಕಿತು. ಒಳಗೆ ಹೋಗುವ ಡ್ರೈವರುಗಳ ಬಗ್ಗೆ ಪೊಲೀಸ್ ವರದಿ ಬೇಕು ಎಂದರು. ಶುಕ್ರವಾರ ಬೆಳಗ್ಗೆ ವರದಿ ಬಂತು.

“ಬಸವಕಿರಣ!”

ಸುಕುಮಾರ ಅವರು ಹಾಗೆ ಕೂಗಿದ್ದನ್ನು ಫೇಬಿ ಎಂದೂ ಕೇಳಿರಲಿಲ್ಲ. ಅವರ ಒಂದು ಕೈಯಲ್ಲಿ ವರದಿ, ಇನ್ನೊಂದರಲ್ಲಿ ಹಳೆಯ ಅರ್ಜಿ.

“ಮೂರು ವರ್ಷ ಜೈಲು! ಇಲ್ಲೆ ‘ಇಲ್ಲ’ ಅಂತ ಬರದೈತಿ. ಯಾಕ ಮುಚ್ಚಿಟ್ಟಿ?”

ಫೇಬಿ ಅರ್ಜಿಯ ಆ ಸಾಲನ್ನೇ ನೋಡಿದಳು. ‘ಹೇಳು ಫೇಬಿ... ಈಗ ಹೇಳು!’

ಬಸವಕಿರಣ ಒಮ್ಮೆ ಅವಳ ಕಡೆ ನೋಡಿದ. ಆಮೇಲೆ ಕೈಕಟ್ಟಿ ನಿಂತ.

“ತಪ್ಪಾತ್ರಿ ಸಾಹೇಬ್ರ. ಕೆಲಸ ಸಿಗೂದಿಲ್ಲಂತ ನಾನ ಸುಳ್ಳು ಬರಸಿದೆ.”

ಫೇಬಿ ದಂಗಾದಳು! ಒಂಬತ್ತು ಬಾಗಿಲಲ್ಲಿ ನಿಜ ಹೇಳಿ ಬರಿಗೈಯಲ್ಲಿ ಹಿಂದಿರುಗಿದವನು, ಹತ್ತನೆಯ ಬಾಗಿಲಲ್ಲಿ ಸುಳ್ಳು ಹೇಳಿದ್ದ. ಅದೂ ಯಾರಿಗಾಗಿ? ಅವಳು ಬಾಯಿ ತೆರೆಯುವುದರೊಳಗೆ ಲಾರಿಯ ಕೀಲಿ ಮೇಜಿನ ಮೇಲಿತ್ತು. ಅವನು ಹೊರಟುಹೋಗಿದ್ದ.

ಎರಡು ದಿನ ಫೇಬಿಗೆ ಅನ್ನ ಇಳಿಯಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಅವನು ಮತ್ತೆ ಬಾಗಿಲು ಬಾಗಿಲು ಅಲೆಯುತ್ತಾನೆ... ಈ ಸಲ ಮೋಸಗಾರ ಎಂಬ ಹೆಸರನ್ನೂ ಹೊತ್ತುಕೊಂಡು! ಅದನ್ನು ಕಟ್ಟಿದವಳು ತಾನೇ. ತಾನು ಎಂಥ ಹೇಡಿ ಎಂದು ಅವಳಿಗೆ ಅಸಹ್ಯವಾಯಿತು.

ಭಾನುವಾರ. ಆರಾಧನೆಯ ನಡುವೆ ಪಾದ್ರಿಗಳು ಕೇಳಿದರು, “ಯಾರಾದರೂ ಸಾಕ್ಷಿ ಹೇಳುವವರಿದ್ದೀರಾ?”

ಫೇಬಿ ಎದ್ದು ನಿಂತಳು.

“ಒಬ್ಬ ಡ್ರೈವರ್ ನನ್ನ ಮುಂದ ಎಲ್ಲಾ ಖರೇ ಹೇಳಿದ್ದ. ಸುಳ್ಳು ಬರದಾಕಿ ನಾನು. ಅಂವಾ ನನ್ನ ತಪ್ಪು ಹೊತ್ತುಕೊಂಡು ಹೋಗ್ಯಾನ.” ಅವಳು ತಂದೆಯ ಕಡೆ ತಿರುಗಿದಳು. “ಪಪ್ಪಾ, ಇಲ್ಲೆ ಬಂದು ಒಪ್ಪಿಕೊಂಡ್ರ ಅಪ್ಪಿಕೊಳ್ತೀರಿ. ನಮ್ಮ ಆಫೀಸಿಗೆ ಬಂದು ಒಪ್ಪಿಕೊಂಡ್ರ, ನೀವೂ ಹೊರಗ ಕಳಸ್ತೀರಿ ಅಂತ ಅಂಜಿ ಹಂಗ ಬರದೆ.”

ಯಾರೂ ಹಲ್ಲೆಲೂಯ ಎನ್ನಲಿಲ್ಲ. ಸುಕುಮಾರ ಅವರ ಮುಖ ಬಿಳಿಚಿಕೊಂಡಿತ್ತು.

ಮನೆಗೆ ಬಂದು ಅವರು ಊಟಕ್ಕೆ ಕುಳಿತರು. ಆಮೇಲೆ ತಟ್ಟೆಯನ್ನು ದೂರ ಸರಿಸಿ ಎದ್ದರು.

“ಕಾರ್ ಹತ್ತು. ಗರಗಕ್ಕ ಹೋಗೂಣು.”

ಗರಗದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಬಸವಕಿರಣನ ತಾಯಿ ಶರಣವ್ವ, ಚರಕದಲ್ಲಿ ನೂಲುವುದನ್ನು ಬಿಟ್ಟು ಗಾಬರಿಯಿಂದ ಎದ್ದಳು. ಒಳಗಿನಿಂದ ಬಂದ ಬಸವಕಿರಣ ಹೊಸ್ತಿಲಲ್ಲೇ ನಿಂತುಬಿಟ್ಟ.

“ಫೇಬಿ ಎಲ್ಲಾ ಹೇಳ್ಯಾಳ,” ಎಂದರು ಸುಕುಮಾರ. ಅವರ ದನಿ ಒಡೆದಿತ್ತು. “ಆ ಕಾರ್ಖಾನಿ ಗೇಟಿನೊಳಗ ನಿನ್ನ ಬಿಡಾಂಗಿಲ್ಲ. ಪುಣೆ ಲೈನ್ ಗಾಡಿ ನಿಂದ ಐತಿ. ನಾಳೆ ಬಾ. ಮತ್ತ... ನನ್ನ ಕ್ಷಮಿಸು, ತಮ್ಮಾ.”

ಶರಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಒಳಗ ಬರ್ರಿ ಯಜಮಾನ್ರ, ಚಾ ಕುಡಿರಿ,” ಎಂದು ಅವರನ್ನು ಕರೆದೊಯ್ದಳು. ಕಟ್ಟೆಯ ಮೇಲೆ ಇಬ್ಬರೇ ಉಳಿದರು.

“ಯಾಕ ಹಂಗ ಹೇಳಿದ್ರಿ?” ಫೇಬಿಯ ಕಣ್ಣು ತುಂಬಿತ್ತು. “ನಿಮ್ಮ ಹೊಟ್ಟಿ ಮ್ಯಾಲ ನೀವ ಹೊಡಕೊಂಡ್ರಿ!”

“ನಿಮ್ಮ ಅಪ್ಪಾರು ನಿಮ್ಮನ್ನ ಹಂಗ ನೋಡೂದು ನನಗ ನೋಡಾಕ ಆಗ್ತಿರಲಿಲ್ರಿ. ನನ್ನ ಹಂಗ ನೋಡಿದವ್ರು ಭಾಳ ಮಂದಿ. ನನಗ ರೂಢಿ ಐತಿ.”

ಅವಳು ತಡೆಯಲಾರದೆ ಅತ್ತುಬಿಟ್ಟಳು. ಅವನಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

“ಅಳಬ್ಯಾಡ್ರಿ... ನಾ ಒಬ್ಬಾವ್ನ ಕಣ್ಣು ಕಳದಾಂವ. ನನ್ನ ಸಲುವಾಗಿ ನೀವು ಕಣ್ಣೀರು ಹಾಕೂದು ನನಗ ಸೇರಾಂಗಿಲ್ಲ. ನಿಮ್ಮ ಜಾತಿ ಬ್ಯಾರೆ, ದೇವ್ರು ಬ್ಯಾರೆ. ನಿಮ್ಮ ಮನ್ಯಾಗ ಏನಂತಾರ?”

ಫೇಬಿ ಮೂಗೊರೆಸಿಕೊಂಡಳು.

“ಒಪ್ಪಿದ್ರ ಈ ವರ್ಷ ಲಗ್ನ. ಒಪ್ಪದಿದ್ರ ಮುಂದಿನ ವರ್ಷ.”

ಜೈಲು ಕಂಡು ಬಂದ ಗಂಡಸು, ಗೋಡೆ ಹಿಡಿದುಕೊಂಡ!

“ಲಗ್ನ?! ನಾ ಇನ್ನೂ ಕೇಳೇ ಇಲ್ಲಲ್ರಿ!”

“ಹಂಗಾರ ಲಗೂನ ಕೇಳ್ರಿ. ಪಪ್ಪಾ ಚಾ ಕುಡದು ಹೊರಗ ಬರ್ತಾರ.”

ಬಸವಕಿರಣ ಒಳಗೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಆಮೇಲೆ ಬಹಳ ಮೆಲ್ಲಗೆ, ಬಹಳ ಹೆದರಿಕೊಂಡು, ಕೇಳಿದ.