ಲೆಕ್ಕದಲ್ಲಿ ಬಿಟ್ಟುಹೋದ ಒಂದು ಸೆಕೆಂಡ್

"ಪಂಕ್ಚರ್ರಾ?" ತಲೆ ಎತ್ತದೇ ಕೇಳಿದ ಅವನು.

"ಅಲ್ಲ... ನಾನು."

ಟೈರಿನ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು. ವರ್ಷದ ಹಿಂದೆ, ತನ್ನ ಜೊತೆ ಗೊತ್ತಾಗಿದ್ದ ಮದುವೆಯನ್ನು ಮುರಿದು ಹೋದವಳು, ಕೊರಳಲ್ಲಿ ಅದೇ ಹೊಲಿಗೆಯ ಟೇಪು ಹಾಕಿಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ದಳು. 'ಟೇಪು' ಅಂತಲೇ ಅವಳನ್ನು ರೇಗಿಸುತ್ತಿದ್ದ. ಟೈರನ್ನು ಪಕ್ಕಕ್ಕಿಟ್ಟು ಎದ್ದ.

ಅವಳ ಅಪ್ಪ ತೀರಿಹೋದದ್ದು ಅವನು ಓಡಿಸುತ್ತಿದ್ದ ವ್ಯಾನಿಗೆ ಸಿಕ್ಕಿ.

"ಅಪ್ಪ ರಸ್ತೆಗೆ ಇಳಿದಾಗ ನೀವೆಲ್ಲಿದ್ರಿ?" ಎಂದು ಅಂದು ಕೇಳಿದ್ದಳು.

"ಲೈಟ್ ಕಂಬದ ಹತ್ರ. ಮೂವತ್ತಾರರಲ್ಲಿ ಬರ್ತಿದ್ದೆ," ಎಂದಿದ್ದ, ಸುಳ್ಳು ಹೇಳಲು ಬಾರದವನು.

ಕಂಬದಿಂದ ಅಪ್ಪ ಇಳಿದ ಜಾಗದವರೆಗೆ ಅವಳು ಇದೇ ಟೇಪಿನಲ್ಲಿ ಅಳೆದಳು. ಹದಿನಾಲ್ಕು ಮೀಟರ್. ಸಂಜೆ ಕ್ಲಾಸಿನಲ್ಲಿ ಕಲಿತ ಸೂತ್ರ ಹಾಕಿದಳು. ಗಂಟೆಗೆ ಮೂವತ್ತಾರು ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹತ್ತು ಮೀಟರ್. ಬ್ರೇಕು ಸೆಕೆಂಡಿಗೆ ಐದರಂತೆ ಆ ವೇಗವನ್ನು ತಗ್ಗಿಸಿದರೆ, ವ್ಯಾನು ಹತ್ತು ಮೀಟರಿಗೆ ನಿಲ್ಲಬೇಕು.

"ಇನ್ನೂ ನಾಲ್ಕು ಮೀಟರ್ ಇತ್ತು. ನೀವು ರಸ್ತೆ ನೋಡ್ತಿರಲಿಲ್ಲ!"

ಅವನು ವ್ಯಾನು ಬಿಟ್ಟು ಈ ಪಂಕ್ಚರ್ ಅಂಗಡಿಗೆ ಸೇರಿದ. ಮತ್ತೆಂದೂ ಸ್ಟೇರಿಂಗ್ ಮುಟ್ಟಲಿಲ್ಲ.

ಈಗ ಅವಳು ಸಂಜೆ ಕ್ಲಾಸಿನ ಪರೀಕ್ಷೆಯ ಹಾಳೆಯೊಂದನ್ನು ಬಿಚ್ಚಿ ಹಿಡಿದಳು. ಅದೇ ಬಗೆಯ ಲೆಕ್ಕ, ಅದೇ ಉತ್ತರ. ಪಕ್ಕದಲ್ಲಿ ಮೇಷ್ಟ್ರ ಕೆಂಪು ಅಕ್ಷರ: 'ಕಣ್ಣಿಗೆ ಕಂಡ ಮೇಲೆ ಕಾಲು ಬ್ರೇಕ್ ಒತ್ತಲು ಬೇಕಾದ ಒಂದು ಸೆಕೆಂಡ್ ಎಲ್ಲಿ ಹೋಯಿತು?'

"ಆ ಸೆಕೆಂಡಲ್ಲೇ ವ್ಯಾನು ಹತ್ತು ಮೀಟರ್ ಓಡಿರತ್ತೆ. ಆಮೇಲೆ ಬ್ರೇಕಿಗೆ ಇನ್ನು ಹತ್ತು. ಇಪ್ಪತ್ತು ಬೇಕಿತ್ತು, ಇದ್ದದ್ದು ಹದಿನಾಲ್ಕು... ಯಾರು ಓಡಿಸಿದ್ರೂ ನಿಲ್ತಿರಲಿಲ್ಲ ರೀ. ನಾನು ಅರ್ಧ ಲೆಕ್ಕ ಮಾಡಿ ನಿಮ್ಮನ್ನ..."

ಹಾಳೆಯನ್ನು ಅವನತ್ತ ಚಾಚಿದಳು.

ಅವನು ಮಸಿ ಕೈಯನ್ನು ಅಂಗಿಗೆ ಒರೆಸಿಕೊಂಡು, ಆ ಕೆಂಪು ಸಾಲನ್ನೇ ಬಹಳ ಹೊತ್ತು ನೋಡಿದ.

"ನಾನೂ ನನ್ನದೇ ತಪ್ಪು ಅಂದ್ಕೊಂಡಿದ್ದೆ. ಕಾಲು ತಡ ಮಾಡ್ತು ಅಂತ. ದಿನಾ ಈ ಕಾಲನ್ನೇ ಬೈಕೊಳ್ತಿದ್ದೆ."

"ಕ್ಷಮಿಸ್ತೀರಾ?"

"ಲೆಕ್ಕ ಸರಿಹೋದ್ರೂ ಅವರು ಬರಲ್ವಲ್ಲ, ಟೇಪು."

ಆ ಹೆಸರು ಕಿವಿಗೆ ಬಿದ್ದದ್ದೇ ಅವಳು ಬಿಕ್ಕಿಬಿಕ್ಕಿ ಅತ್ತಳು. ಅವನೂ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಕೆನ್ನೆ ತುಂಬ ಮಸಿ.

"ಅಮ್ಮ ನಿಮ್ಮನ್ನ ಕರ್ಕೊಂಡು ಬಾ ಅಂದ್ರು. ಮುಖ ತೊಳ್ಕೊಳ್ಳಿ, ಹೆದರ್ಕೋತಾರೆ... ನಡ್ಕೊಂಡೇ ಹೋಗೋಣ."

ರಸ್ತೆ ದಾಟುವಲ್ಲಿ ಅವನು ಅವಳ ಮೊಣಕೈ ಹಿಡಿದು ನಿಲ್ಲಿಸಿದ. ದೂರದ ತಿರುವಿನಲ್ಲಿ ಲಾರಿಯೊಂದು ಆಗಷ್ಟೇ ಕಾಣಿಸಿಕೊಂಡಿತ್ತು.

"ಇನ್ನೂ ಬೇಕಾದಷ್ಟು ದೂರ ಇದೆ," ಎಂದಳು ಮೆಲ್ಲಗೆ.

"ಇರ್ಲಿ. ಅದು ಹೋಗ್ಲಿ."

ಲಾರಿ ಹೋಯಿತು. ಅವನ ಕೈ ಅಲ್ಲೇ ಇತ್ತು. ಅವಳು ಬಿಡಿಸಿಕೊಳ್ಳಲಿಲ್ಲ.