ದೊಡ್ಡಮನೆ ಬಾಗಿಲ ಮೇಲಿನ ಕಲ್ಲು

ಹಿಲಾರಿಯೊ ಟಾಕುರಿ ಹತ್ತು ವರ್ಷದವನಿದ್ದಾಗ ಅಜ್ಜನಿಗೆ ಒಂದು ಮಾತು ಕೊಟ್ಟಿದ್ದ: ಕೈಗೆ ಸಿಕ್ಕ ದಿನ ನಮ್ಮ ಕಲ್ಲಿಗೆ ಬಿಸಿಲು ತೋರಿಸುತ್ತೇನೆ. ಅದಾಗಿ ಐವತ್ತೆಂಟು ವರ್ಷ.

ಪುಕರುಮಿ ಠಾಣೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮಾರ್ಚ್ 11, ಸೋಮವಾರ ಬೆಳಿಗ್ಗೆ 7.40ಕ್ಕೆ ಎಂಜಿನಿಯರ್ ಫಾಬ್ರಿಸಿಯೊ ಲೆಸ್ಕಾನೊ ಏದುಸಿರು ಬಿಡುತ್ತ ಬಂದು ದೂರು ಕೊಟ್ಟರು. ಚೌಕದ ದೊಡ್ಡಮನೆಯ ದುರಸ್ತಿ ಅವರದು. ನಾಡನ್ನು ಗೆದ್ದ ಸ್ಪೇನಿನ ಧಣಿಗಳು ನಾನೂರು ವರ್ಷದ ಹಿಂದೆ ಕಟ್ಟಿಸಿದ ಮನೆ. ಬಾಗಿಲ ನೆತ್ತಿಯ ಮೇಲೆ ಸಿಂಹ, ಕೋಟೆ ಕೆತ್ತಿದ ವಂಶಲಾಂಛನದ ಕಲ್ಲು. ಈಗ ಅದು ಕಾಣೆ. ಆ ಜಾಗದಲ್ಲಿ ಯಾರೋ ಜೋಡಿ ಹಾವು ಕೆತ್ತಿದ ಕಲ್ಲು ಕೂರಿಸಿದ್ದರು.

“ಶುಕ್ರವಾರ ಮಂತ್ರಿಗಳು ಬರ್ತಾರೆ ಮೇಡಂ. ಹಾವು ತೋರಿಸ್ಲಾ ಅವ್ರಿಗೆ?”

“ಕಡೇ ಸಲ ಸಿಂಹ ನೋಡಿದ್ದು ಯಾವಾಗ?” ಇನ್‌ಸ್ಪೆಕ್ಟರ್ ನೆಲಿಡಾ ಸುಲ್ಕಾ ಕೇಳಿದರು.

“ಶನಿವಾರ ಸಂಜೆ, ಮಳೆ ನಿಂತ ಮೇಲೆ. ನಿನ್ನೆ ರಜೆ. ಊರಿಗೆ ಊರೇ ಫುಟ್‌ಬಾಲ್ ಮೈದಾನದಲ್ಲಿತ್ತು.”

ಕಳವಿನ ಎಫ್‌ಐಆರ್ ದಾಖಲಾಯಿತು. ಆಯಾಕುಚೊ ಪಟ್ಟಣದ ರಸ್ತೆಯಲ್ಲಿ ಲಾರಿಗಳನ್ನು ತಡೆದರು.

“ಆಲೂಗಡ್ಡೆ ಮೂಟೆ ಬಿಚ್ಚಿಸಿದ್ದಕ್ಕೆ ಬೈಗುಳ ಸಿಕ್ತು ಮೇಡಂ, ಸಿಂಹ ಸಿಗ್ಲಿಲ್ಲ,” ಎಂದು ಕಾನ್‌ಸ್ಟೇಬಲ್ ವಿಲ್ಬರ್ ವರದಿ ಮಾಡಿದ.

ಮಂಗಳವಾರ 10.15ಕ್ಕೆ ಸ್ಥಳ ಪಂಚನಾಮೆ. ಕಲ್ಲಿನ ತೂಕ ಸುಮಾರು ನೂರ ಎಂಬತ್ತು ಕಿಲೊ. ದುರಸ್ತಿಗೆ ಕಟ್ಟಿದ್ದ ಸಾರುವೆಯ ಕೆಳಗೆ ಶನಿವಾರದ ಕೆಸರು ಇನ್ನೂ ಹಸಿಯಾಗಿತ್ತು. ಅಂಥ ಭಾರ ಇಳಿಸಿದ ಗುರುತೂ ಇಲ್ಲ, ಏರಿಸಿದ ಗುರುತೂ ಇಲ್ಲ. ಸುಲ್ಕಾ ಹಳೆಯ ಫೋಟೊ ಹಿಡಿದು ಸಾರುವೆ ಹತ್ತಿದರು. ಫೋಟೊದಲ್ಲಿ ಸಿಂಹದ ಕಲ್ಲಿನ ಎಡಗಡೆ ಕೆಳಮೂಲೆ ಮುಕ್ಕಾಗಿತ್ತು. ಹಾವಿನ ಕಲ್ಲಿನಲ್ಲಿ ಅದೇ ಮುಕ್ಕು ಬಲಗಡೆ ಇತ್ತು.

“ಕಲ್ಲು ಎಲ್ಲೂ ಹೋಗಿಲ್ಲ ವಿಲ್ಬರ್. ಬೆನ್ನು ತೋರಿಸ್ಕೊಂಡು ನಿಂತಿದೆ.”

“ಹಿಂದುಗಡೆ ಕೆತ್ತನೆ ಇದೆ ಅಂತ ಯಾರಿಗ್ಗೊತ್ತಿತ್ತು?” ಎಂದರು ಲೆಸ್ಕಾನೊ.

“ಕಟ್ಟಿದವ್ರ ಮನೆಯವ್ರಿಗೆ ಗೊತ್ತಿರತ್ತೆ.”

ಸುಲ್ಕಾ ಸಂದಿಯ ಹಸಿ ಸುಣ್ಣವನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದರು. ಲೋಳೆಲೋಳೆ, ಕಳ್ಳಿಯ ರಸ ಬೆರೆತಿತ್ತು. ಎಂಜಿನಿಯರರ ಸುಣ್ಣ ಚೀಲದಲ್ಲಿ ಬರುವಂಥದ್ದು. ಕಳ್ಳಿ ನೆನೆಹಾಕಿ ಸುಣ್ಣ ಕಲಸುವವರು ಊರಲ್ಲಿ ಒಬ್ಬರೇ ಉಳಿದಿದ್ದರು: ಇದೇ ಕೆಲಸದ ಹಿರಿಯ ಮೇಸ್ತ್ರಿ ಹಿಲಾರಿಯೊ. ಸುಲ್ಕಾ ಅವರ ತಾಯಿಯ ಅಡುಗೆಮನೆಗೆ ಗಾರೆ ಮಾಡಿದ್ದೂ ಅವರೇ.

12.30ಕ್ಕೆ ಮನೆಗೆ ಹೋದಾಗ ಹಿಲಾರಿಯೊ ಅಂಗಳದಲ್ಲಿ ಕೂತು ಬೇಯಿಸಿದ ಮೆಕ್ಕೆಜೋಳ, ಗಿಣ್ಣು ತಿನ್ನುತ್ತಿದ್ದರು.

“ತಾತ, ಭಾನುವಾರ ಎಲ್ಲಿದ್ರಿ?”

“ಕೆಲಸದ ಮೇಲೆ.” ತಟ್ಟೆ ಮುಂದೆ ಸರಿಸಿದರು. “ತಿನ್ನವ್ವ. ನಿಮ್ಮಮ್ಮನ ಹಾಗೇ ಸೊರಗಿದೀಯ.”

“ಒಬ್ರೇ ತಿರುಗಿಸಿದ್ರಾ?”

“ಸರಪಳಿ ರಾಟೆ ಇತ್ತಲ್ಲ. ಕುರಿಚರ್ಮ ಹೊದಿಸಿದ್ದೆ. ಅವ್ರ ಸಿಂಹಕ್ಕೂ ಒಂದು ಗೀರು ಬಿದ್ದಿಲ್ಲ.”

“ಚೀಲದ ಸುಣ್ಣ ಹಾಕಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ.”

ಮುದುಕರಿಗೆ ಸಿಟ್ಟು ಬಂತು. “ಆ ಕಲ್ಲಿಗೆ ಚೀಲದ ಸುಣ್ಣವಾ?”

ವಿಲ್ಬರ್ ನಗು ತಡೆದುಕೊಂಡು ಹೇಳಿಕೆ ಬರೆದುಕೊಳ್ಳತೊಡಗಿದ.

“ನಮ್ಮ ಗುಡಿ ಕೆಡವಿ, ನಮ್ಮವ್ರ ಕೈಲೇ ಆ ಮನೆ ಕಟ್ಟಿಸಿದ್ರು,” ಎಂದರು ಹಿಲಾರಿಯೊ. “ಲಾಂಛನ ಕೆತ್ತೋಕೂ ದೇವರ ಕಲ್ಲೇ ಬೇಕಿತ್ತು ಅವ್ರಿಗೆ. ದೇವರ ಮುಖ ಗೋಡೆಗೆ. ಆ ಬಾಗಿಲಿಗೆ ಬಂದ್ರೆ ನಮ್ಮವ್ರು ಟೋಪಿ ತೆಗೀಬೇಕಿತ್ತು. ಸಿಂಹಕ್ಕೆ ತೆಗೀತಾರೆ ಅಂದ್ಕೊಂಡ್ರು ಧಣಿಗಳು. ನಮ್ಮಜ್ಜ ತೆಗೀತಿದ್ದದ್ದು ಹಿಂದಿದ್ದ ಹಾವುಗಳಿಗೆ.”

“ಬಂಧಿಸ್ಬೇಕು ತಾತ.”

“ಗೊತ್ತು. ಟೋಪಿ ತಗೋತೀನಿ, ಇರು.”

1.10ಕ್ಕೆ ಬಂಧನ. ಕೋಳ ಹಾಕಲಿಲ್ಲ. ಕಳವಿನ ಕಲಂ ಹೊಡೆದುಹಾಕಿ, ಸಂರಕ್ಷಿತ ಕಟ್ಟಡವನ್ನು ಅನುಮತಿಯಿಲ್ಲದೆ ಬದಲಿಸಿದ ಆರೋಪ ದಾಖಲಿಸಿದರು. ಉದ್ದೇಶದ ಜಾಗದಲ್ಲಿ ಸುಲ್ಕಾ ಟೋಪಿಯ ವಿಷಯವನ್ನು ಮುದುಕರು ಹೇಳಿದಂತೆಯೇ ಬರೆದರು.

ಮಂತ್ರಿಗಳ ಭೇಟಿಯ ಹಿಂದಿನ ದಿನ, ಗುರುವಾರ ಸಂಜೆ, ಎಂಜಿನಿಯರರ ಆಳುಗಳು ಕಲ್ಲನ್ನು ಮತ್ತೆ ತಿರುಗಿಸಿದರು. ಅಷ್ಟರಲ್ಲಿ ಹಾವುಗಳು ನಾಲ್ಕು ದಿನ ಬಿಸಿಲಿನಲ್ಲಿದ್ದವು. ಹಿಲಾರಿಯೊ ಕೊಟ್ಟ ಮಾತು ನಡೆದಿತ್ತು.