ಆರನೇ ಹಸಿರು ಪೊಟ್ಟಣ

"ಕಾಂಗ್ ಅಕ್ಕ, ಅದನ್ನ ಕಳಿಸಿದ್ದು ನಾನಲ್ಲ," ಎನ್ನುತ್ತ ಯಾನ್ ಪೇ-ರೂ ನಮ್ಮ ಬಾಗಿಲಿಗೆ ಬಂದು ನಿಂತಳು.

ತೈಪೆಯ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲೊಂದು ಪುಟ್ಟ ಕಂಪನಿಯಿತ್ತು. ರೋಗಿಗಳ ಫೋನಿಗೆ ಹೊತ್ತುಹೊತ್ತಿಗೆ ಮಾತ್ರೆ ನೆನಪಿಸುವುದು ಅದರ ಕೆಲಸ. ಪೇ-ರೂ ಅಲ್ಲಿ ಸೇರಿ ಎರಡು ತಿಂಗಳಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಯಾರೋ ಕಿಡಿಗೇಡಿ ಕಂಪನಿಯ ಹೆಸರಲ್ಲೇ ‘ಇಂದು ಮಾತ್ರೆ ಬೇಡ’ ಎಂದು ಎಲ್ಲರಿಗೂ ಸಂದೇಶ ಕಳಿಸಿದ್ದ. ಹೃದ್ರೋಗಿ ಲೂ ತಾತ ಅದನ್ನು ನಂಬಿ ಆಸ್ಪತ್ರೆ ಸೇರಿದ್ದರು. ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ನಾಲ್ಕನೇ ಮಹಡಿಯ ಕಾಂಗ್ ಅಕ್ಕ ಮೂವತ್ತು ವರ್ಷ ಬ್ಯಾಂಕಿನ ಮೋಸಗಳನ್ನು ಹಿಡಿದವರು. ನಾನು ಅವರ ಹಳೆಯ ಗುಮಾಸ್ತ, ಲಿಯಾವ್. ಊರವರ ಉಸಾಬರಿ ನಮಗ್ಯಾಕೆ ಎಂದು ಗೊಣಗುವುದು ನನ್ನ ಕೆಲಸ, ಅದನ್ನು ಕಿವಿಗೆ ಹಾಕಿಕೊಳ್ಳದಿರುವುದು ಅವರ ಕೆಲಸ. ಆದರೆ ಅವತ್ತು ಆ ಹುಡುಗಿಯ ಮುಖ ನೋಡಿ ನಾನೇ ಕುರ್ಚಿ ಎಳೆದು ಕೊಟ್ಟೆ.

ಅವಳು ಹೇಳಿದ್ದಿಷ್ಟು. ಸಂದೇಶ ಕಳಿಸಲು ಎಪಿಐ ಕೀ ಎಂಬ ಉದ್ದನೆಯ ಅಕ್ಷರಸಾಲು ಬೇಕು. ಅದು ಸಿಕ್ಕವರು ಕಂಪನಿಯ ಬಾಯಿಂದಲೇ ಮಾತಾಡಬಹುದು. ಹಾಗಾಗಿ ಅದನ್ನು ಕ್ಲೌಡಿನ ತಿಜೋರಿಯೊಂದರಲ್ಲಿ ಇಟ್ಟಿದ್ದರು. ಯಾರು, ಯಾವಾಗ ಕೀ ತೆಗೆದರೆಂದು ತಿಜೋರಿಯೇ ಬರೆದಿಡುತ್ತದೆ. ಎರಡು ತಿಂಗಳಿಂದ ಅದರಲ್ಲಿದ್ದದ್ದು ಅವಳ ಹೆಸರೊಂದೇ. ಸಂಜೆಯೊಳಗೆ ತಪ್ಪೊಪ್ಪಿಕೊಳ್ಳದಿದ್ದರೆ ಪೊಲೀಸರಿಗೆ ಕೊಡುತ್ತೇನೆಂದು ಮಾಲೀಕ ಪೆಂಗ್ ಹೇಳಿದ್ದರು.

"ಜುವಾಂಗ್ ಅಣ್ಣ ಪಕ್ಕದಲ್ಲೇ ಇದ್ರು. ಒಂದು ಮಾತೂ ಆಡ್ಲಿಲ್ಲ," ಎಂದಳು. ಜುವಾಂಗ್ ಅವಳಿಗೆ ಕೆಲಸ ಕಲಿಸಿದ ಹಿರಿಯ ಎಂಜಿನಿಯರ್.

ಕೆಳಗಿಳಿದೆವು. ಪೆಂಗ್ ಸಂದೇಶ ಸೇವೆಯನ್ನೇ ನಿಲ್ಲಿಸಿ, ರೋಗಿಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿಸುತ್ತಿದ್ದರು. ಕಾಂಗ್ ಅಕ್ಕ ಕಿಡಿಗೇಡಿ ಬಳಸಿದ ಕೀಯ ಕೊನೆಯ ನಾಲ್ಕು ಅಕ್ಷರ ಕೇಳಿ ಬರೆದುಕೊಂಡರು. ಪಕ್ಕದಲ್ಲೇ ಪೇ-ರೂ ತೆಗೆದ ಕೀಯ ಕೊನೆಯ ನಾಲ್ಕನ್ನೂ ಬರೆದರು. ಎರಡೂ ಬೇರೆ ಬೇರೆ. ಅಕ್ಕ ಚೀಟಿ ಮಡಿಸಿ ಇಟ್ಟುಕೊಂಡರು.

ಕಂಪ್ಯೂಟರ್ ಯಂತ್ರಗಳ ಕೋಣೆಯಲ್ಲಿ ಆರು ಯಂತ್ರ, ಒಂದೊಂದರ ತಲೆಯ ಮೇಲೂ ತೆಂಗಿನ ರುಚಿಯ ಕುರುಕಲಿನ ಹಸಿರು ಪೊಟ್ಟಣ. ಅದಿದ್ದರೆ ಯಂತ್ರ ಕೆಡದೆ ತೆಪ್ಪಗಿರುತ್ತದೆಂದು ನಮ್ಮ ಕಡೆಯ ನಂಬಿಕೆ. ದಿನಾಂಕ ಮುಗಿಯುವ ತನಕ ಯಾವ ಎಂಜಿನಿಯರನೂ ಅದನ್ನು ಮುಟ್ಟುವುದಿಲ್ಲ. ಐದರ ಮೇಲೆ ಜುವಾಂಗನ ಕೈಬರಹದಲ್ಲಿ ‘ಜಾಣನಾಗಿರು’ ಎಂದಿತ್ತು, ದಿನಾಂಕವೂ ಒಂದೇ. ಆರನೆಯದರ ದಿನಾಂಕ ಬೇರೆ, ಬರಹವೂ ಇಲ್ಲ.

ಆಮೇಲೆ ಅಕ್ಕ ಕಂಪನಿಯ ಜಾಲಪುಟ ತೆರೆದರು. ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ಹಸಿದ ಪ್ರೇತಗಳಿಗೆ ಎಡೆಯಿಟ್ಟ ಫೋಟೋ ವರ್ಷವರ್ಷವೂ ಇತ್ತು, ಈ ವರ್ಷದ್ದು ಮಾತ್ರ ಇರಲಿಲ್ಲ. ಎಡೆಯಿಡುವವರು ಕಚೇರಿ ನೋಡಿಕೊಳ್ಳುವ ತೂ ಆಂಟಿ. ಅಕ್ಕ ಅವರ ಫೋನನ್ನು ಕೇಳಿ ಪಡೆದು, ಅದರಲ್ಲಿದ್ದ ಫೋಟೋಗಳನ್ನು ಬಹಳ ಹೊತ್ತು ನೋಡಿದರು.

ನಾಲ್ಕು ಗಂಟೆಗೆ ಎಲ್ಲರನ್ನೂ ಕೂರಿಸಿದರು.

"ಕದ್ದವನು ಬಳಸಿದ್ದು ಹಳೇ ಕೀ," ಎಂದರು. "ಈ ಹುಡುಗಿ ಬರೋಕೆ ಮುಂಚೇನೇ ಹೊಸ ಕೀ ಬಂದಿತ್ತು. ಇವಳು ತೆಗೆದಿದ್ದು ಹೊಸದನ್ನ ಮಾತ್ರ. ಹಳೇದನ್ನ ಕೊನೇಗೆ ತೆಗೆದವನು ಜುವಾಂಗ್ ಅಂತ ತಿಜೋರಿ ಬರೆದಿಟ್ಟಿದೆ. ಹೊಸದು ಬಂದ ದಿನವೇ ಹಳೇದನ್ನ ರದ್ದು ಮಾಡ್ಬೇಕಿತ್ತು. ಮಾಡ್ಲಿಲ್ಲ. ಯಾಕೆ? ಅದನ್ನ ಇನ್ನೊಂದು ಕಡೆ ಬರೆದಿಟ್ಟಿದ್ದ."

ಎಲ್ಲಿ ಎಂದು ಪೆಂಗ್ ಕೇಳಿದರು. ಅಕ್ಕ ತೂ ಆಂಟಿಯ ಕಡೆ ತಿರುಗಿದರು.

"ಎಡೆ ಇಟ್ಟು ತಂದ್ರೆ ಪೊಟ್ಟಣಕ್ಕೆ ಶಕ್ತಿ ಜಾಸ್ತಿ ಅಂತ ಆರೂ ಎತ್ಕೊಂಡ್ಹೋದೆ," ಎಂದರು ಆಂಟಿ. "ಅವತ್ತು ಜುವಾಂಗ್ ರಜಾ. ಒಂದರ ಬೆನ್ನಮೇಲೆ ಉದ್ದಕ್ಕೆ ಏನೋ ಬರೆದಿತ್ತು. ಮಂತ್ರ ಅಂದ್ಕೊಂಡು ಅದನ್ನೇ ಮುಂದೆ ಕಾಣೋ ಹಾಗಿಟ್ಟೆ. ಫೋಟೋ ತೆಗೆದು ಕಂಪನಿ ಪುಟದಲ್ಲಿ ಹಾಕ್ದೆ."

ಅವರ ಫೋನಿನಲ್ಲಿ ಉಳಿದಿದ್ದ ಆ ಫೋಟೋವನ್ನು ಅಕ್ಕ ಎಲ್ಲರಿಗೂ ತೋರಿಸಿದರು. ಹಣ್ಣು, ಊದುಬತ್ತಿಗಳ ನಡುವೆ ಕೀ ನಿಚ್ಚಳವಾಗಿ ಕಾಣುತ್ತಿತ್ತು. ಕೊನೆಯ ನಾಲ್ಕು ಅಕ್ಷರ ಚೀಟಿಗೆ ಸರಿಹೊಂದಿದವು. ಲೋಕವೇ ಓದುವಂತೆ ಅದು ಮೂರು ವಾರ ಪುಟದಲ್ಲಿತ್ತು. ಕಿಡಿಗೇಡಿ ಯಾರೆಂಬುದನ್ನು ಪೊಲೀಸರು ಹುಡುಕಬೇಕು. ನಿನ್ನೆ ಫೋಟೋ ಅಳಿಸಿ, ಪೊಟ್ಟಣ ಬದಲಿಸಿ, ಬಾಯಿಗೆ ಬೀಗ ಹಾಕಿಕೊಂಡವನು ಮಾತ್ರ ಎದುರಿಗೇ ಕೂತಿದ್ದ.

"ಹೋದ ವರ್ಷ ತಿಜೋರಿ ಒಂದು ಗಂಟೆ ತೆರೀಲೇ ಇಲ್ಲ," ಎಂದ ಜುವಾಂಗ್, ನೆಲ ನೋಡುತ್ತ. "ಯಾರಿಗೂ ಮಾತ್ರೆ ನೆನಪಿಸೋಕಾಗ್ಲಿಲ್ಲ. ಇನ್ನೊಂದ್ಸಲ ಹಾಗಾಗ್ಬಾರ್ದು ಅಂತ ಬರೆದಿಟ್ಟೆ. ಆ ಪೊಟ್ಟಣ ಯಾರೂ ಮುಟ್ಟಲ್ಲ ಅನ್ಕೊಂಡೆ."

"ಅದು ಭಯಕ್ಕೆ ಮಾಡಿದ್ದು, ಅರ್ಥವಾಗತ್ತೆ," ಎಂದರು ಅಕ್ಕ. "ಆದ್ರೆ ಇವತ್ತು ಈ ಮಗು ಅಳೋವಾಗ ಸುಮ್ನಿದ್ಯಲ್ಲ, ಅದಕ್ಕೇನು ಹೇಳ್ತೀಯ?"

ನನಗೆ ಅವನ ಕೆನ್ನೆಗೆ ಬಿಡಬೇಕೆನ್ನಿಸಿತು, ಜೊತೆಗೇ ಅಯ್ಯೋ ಪಾಪ ಅನ್ನಿಸಿ ನನ್ನ ಮೇಲೇ ಸಿಟ್ಟು ಬಂತು.

"ಯಾವ ಕೀಯನ್ನೂ ಎಲ್ಲೂ ಬರೆದಿಡ್ಬೇಡ ಅಂತ ಮೊದಲನೇ ದಿನ ಹೇಳ್ಕೊಟ್ಟೋರು ನೀವೇ ಅಲ್ವಾ, ಅಣ್ಣ," ಎಂದಳು ಪೇ-ರೂ. ಜುವಾಂಗ್ ಮುಖ ಮುಚ್ಚಿಕೊಂಡ.

ಹಳೆಯ ಕೀಯನ್ನು ಅವಳೇ ರದ್ದು ಮಾಡಿದಳು. ತಿಜೋರಿ ಅದನ್ನೂ ಅವಳ ಹೆಸರಲ್ಲಿ ಬರೆದುಕೊಂಡಿತು. ಸಂಜೆ ಆರಕ್ಕೆ ಸಂದೇಶಗಳು ಮತ್ತೆ ಹೊರಟವು. ಮೊದಲ ಉತ್ತರ ಬಂದದ್ದು ಲೂ ತಾತನ ಫೋನಿನಿಂದ, ಅವರ ಮಗಳು ಬರೆದದ್ದು: ‘ಇದನ್ನು ಹೇಗೆ ನಂಬುವುದು?’

ಪೇ-ರೂ ಫೋನ್ ಎತ್ತಿಕೊಂಡು ಆ ಸಂಖ್ಯೆ ಒತ್ತಿದಳು. ಆ ಕಡೆಯಿಂದ ದನಿ ಬಂದಾಗ, ಮೊದಲು ತನ್ನ ಹೆಸರು ಹೇಳಿದಳು.